ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಯ ಚರಿತ್ರೆ

ಶಿರಾಳಕೊಪ್ಪದ ಸಂತೆಗೆ ಹೋಗಿ ಬರುವ ನಮ್ಮ ಸಭೆಗಳವರಲ್ಲಿ ಬಳ್ಳಿಗಾವಿಯನ್ನು ಕಾಣದವರು ಸ್ವಲ್ಪ ಜನರೇ. ಈಗ ಅದೊಂದು ಗ್ರಾಮ. ಸುಮಾರು ಒಂಭೈನೂರು ವರುಷಗಳ ಹಿಂದೆ ಅದು ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಚಾಲುಕ್ಯ ಅರಸರೂ ಅವರ ದಂಡನಾಯಕರೂ ಅಲ್ಲಿ ಶಿವಾಲಯಗಳನ್ನೂ ಜೈನ ಬಸದಿಗಳನ್ನೂ ಬೌದ್ಧ ವಿಹಾರವನ್ನೂ ಪೋಷಿಸಿ, ಭೂಮಿಯನ್ನು ದತ್ತಿಬಿಟ್ಟರೆಂದು ಅಲ್ಲಿಯ ಶಿಲಾಶಾಸನಗಳು ತಿಳಿಸುತ್ತವೆ. ಕೋಡಿಯ ಮಠದಲ್ಲಿ ಶಾಸ್ತ್ರಪಾಠವೂ ಹಸಿದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು. ಇಂದು ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳು ನಿಂತಿವೆ. ಆದರೆ ವಿಹಾರದ ಭಿಕ್ಷುಗಳು ಎಲ್ಲಿ? ಅವರ ಹೆಸರು ಕಲ್ಲಿನಲ್ಲಿ ಉಳಿದದೆ, ಊರಿನಲ್ಲಿ ಉಳಿದಿಲ್ಲ. ಅದೇ ಬಳ್ಳಿಗಾವಿಯ ಅಲ್ಲಮನ ಮಾತುಗಳೂ ಸಮೀಪದ ಉಡುತಡಿಯ ಮಹಾದೇವಿಯ ಮಾತುಗಳೂ ಅರಸನ ದತ್ತಿಯಿಲ್ಲದೆ ಜನರ ಬಾಯಲ್ಲಿ ನಿಂತುಕೊಂಡವು.

ಹೀಗಿರಲಾಗಿ ಒಂದು ಪ್ರಶ್ನೆ ಹುಟ್ಟುತ್ತದೆ. ಅರಸನ ಕೈಯಾಸರೆಯಿಂದ ನಿಂತ ಭಕ್ತಿಯು ಆ ಕೈ ಹಿಂದೆಗೆದಾಗ ಏನಾಗುವದು? ಈ ಪ್ರಶ್ನೆಯು ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಇಡೀ ದೇಶವೇ ಕ್ರೈಸ್ತದೇಶವೆಂದು ಹೆಸರು ಪಡೆದಿದ್ದ ಫ್ರಾನ್ಸಿನಲ್ಲಿ ಇದು ಭಯಂಕರವಾದ ರೀತಿಯಲ್ಲಿ ಪರೀಕ್ಷಿಸಲ್ಪಟ್ಟಿತು. ಆ ಪರೀಕ್ಷೆಯ ಕಾಲದಲ್ಲಿ ಅಲ್ಲಿಂದ ಹೊರಟು, ನಮ್ಮ ಕನ್ನಡ ನಾಡಿನಲ್ಲಿ ವಾಸಿಸಿ, ನಮ್ಮಂಥ ಹಳ್ಳಿಯ ಕ್ರೈಸ್ತರ ವಿಷಯವಾಗಿ ಬಹು ಕಠಿಣವಾದ ತೀರ್ಪನ್ನು ಬರೆದಿಟ್ಟು ಹೋದ ಒಬ್ಬ ಪಾದ್ರಿಯ ಚರಿತ್ರೆಯನ್ನು ಇಲ್ಲಿ ಹೇಳುವೆವು. ಆತನನ್ನು ಅಬ್ಬೆ ದುಬ್ವಾ ಎಂದು ಕರೆಯುತ್ತಾರೆ. ಅಬ್ಬೆಯೆಂದರೆ ನಮ್ಮ ಹಳಗನ್ನಡದಲ್ಲಿ ತಾಯಿ. ಫ್ರೆಂಚ್ ಮಾತಿನಲ್ಲಿಯೋ ಪಾದ್ರಿಗೆ ಮರ್ಯಾದೆಯಿಂದ ಹೇಳುವ ತಂದೆಯೆಂಬ ಹೆಸರು.

೧. ಹುಟ್ಟಿದ ಸೀಮೆ

ಝಾಂ ಆಂತ್ವಾನ್ ದುಬ್ವಾ ಎಂಬಾತನು ೧೭೬೬ನೇ ಇಸವಿಯ ಜನವರಿ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ವಿವಾರೇ ಸೀಮೆಯ ಸೆಂ-ರೆಮೆಜ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಆ ಕಾಲದಲ್ಲಿ ಫ್ರಾನ್ಸಿನ ಅರಸನು ರೋಮನ್ ಕಥೋಲಿಕ ಸಭೆಯ ಪೋಷಕನಾಗಿದ್ದನು. ರೈತನು ತನ್ನ ಬೆಳೆಯಲ್ಲಿ ಒಂದು ಪಾಲನ್ನು ಸಭೆಗೆ ಕೊಡಬೇಕಾಗಿತ್ತು. ಮಗು ಹುಟ್ಟಿದ ದಿನವನ್ನೂ ಮದುವೆಯನ್ನೂ ಮರಣವನ್ನೂ ಊರ ಪಾದ್ರಿಯೇ ತನ್ನ ಪುಸ್ತಕದಲ್ಲಿ ಬರೆಯುತ್ತಿದ್ದನು. ಆ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಸರಕಾರದ ಮುಂದೆ ಹೆಂಡತಿಯೆಂಬವಳೂ ಇಲ್ಲ, ಮಕ್ಕಳೆಂಬವರೂ ಇಲ್ಲ. ಆದಕಾರಣ ನಂಬಿಕೆ ಇದ್ದವನೂ ಇಲ್ಲದವನೂ ಒಂದೇ ದೇವಾಲಯಕ್ಕೆ ಬರುತ್ತಿದ್ದರು. ಇವರಿಬ್ಬರಲ್ಲಿ ಯಾರು ಯಾರೆಂಬದು ಹೊರಗಿನಿಂದ ತಿಳಿಯುತ್ತಿರಲಿಲ್ಲ.

ಅದೇ ವಿವಾರೇ ಸೀಮೆಯಲ್ಲಿ ಪ್ರೊಟೆಸ್ಟಂಟರೂ ಬಹುಮಂದಿ ಇದ್ದರು. ಅವರಿಗೆ ಯುಗೆನೋ ಎಂಬ ಹೆಸರು. ೧೫೯೮ರಲ್ಲಿ ಅರಸನಾದ ನಾಲ್ಕನೆಯ ಹೆನ್ರಿಯು ನಾಂತ್ ಎಂಬ ಪಟ್ಟಣದಲ್ಲಿ ಹೊರಡಿಸಿದ ಶಾಸನದಿಂದ ಅವರಿಗೆ ಆರಾಧನೆಯ ಅಪ್ಪಣೆ ದೊರೆತಿತ್ತು. ಹದಿನಾಲ್ಕನೆಯ ಲೂಯಿ ಅರಸನು ೧೬೮೫ರಲ್ಲಿ ಆ ಶಾಸನವನ್ನು ರದ್ದುಮಾಡಿದನು. ಅಂದಿನಿಂದ ಅವರ ಆಲಯಗಳು ಕೆಡವಲ್ಪಟ್ಟವು, ಬೋಧಕರು ಗಲ್ಲಿಗೇರಿಸಲ್ಪಟ್ಟರು, ಗಂಡಸರು ಹಡಗಿನ ಹುಟ್ಟುಗಳಿಗೆ ಸರಪಣಿಯಿಂದ ಕಟ್ಟಲ್ಪಟ್ಟರು. ವಿವಾರೇ ಸೀಮೆಯ ಮರೀ ದ್ಯುರಾಂ ಎಂಬ ಹೆಣ್ಣುಮಗಳು ೧೭೩೦ರಲ್ಲಿ, ಇನ್ನೂ ಹತ್ತೊಂಭತ್ತು ವರುಷದವಳಿರುವಾಗ, ಸೆರೆಯಾಗಿ ಏಗ್-ಮೋರ್ತ್ ಎಂಬ ಊರಿನ ಬುರುಜಿನಲ್ಲಿ ಹಾಕಲ್ಪಟ್ಟಳು. ಆಕೆಯ ಅಣ್ಣನು ಬೋಧಕನು. ಅವನನ್ನು ೧೭೩೨ರಲ್ಲಿ ಗಲ್ಲಿಗೆ ಹಾಕಿದರು. ತನ್ನ ನಂಬಿಕೆಯನ್ನು ಬಿಟ್ಟೆನೆಂದು ಒಂದು ಮಾತು ಹೇಳಿದ್ದರೆ ಆಕೆಗೆ ಬಾಗಿಲು ತೆರೆಯುತ್ತಿತ್ತು. ಆಕೆಯು ಆ ಮಾತನ್ನು ಹೇಳದೆ ಮೂವತ್ತೆಂಟು ವರುಷ ಅಲ್ಲಿಯೇ ಕಳೆದು ೧೭೬೮ರಲ್ಲಿ ಬಿಡುಗಡೆ ಹೊಂದಿದಳು. ಆಗ ನಮ್ಮ ದುಬ್ವಾ ಎರಡು ವರುಷದ ಕೂಸು. ಒಂದೇ ಸೀಮೆಯಲ್ಲಿ ಒಂದು ಸಭೆಯು ಅರಸನ ನೆರಳಿನಲ್ಲಿತ್ತು, ಇನ್ನೊಂದು ಅರಸನ ಕೋಪದ ಬಿಸಿಲಿನಲ್ಲಿತ್ತು. ಮುಂದೆ ನಡೆದದ್ದನ್ನು ತಿಳಿಯುವದಕ್ಕೆ ವಾಚಕರು ಇದನ್ನು ನೆನಪಿನಲ್ಲಿಡಬೇಕು.

೨. ದೊಡ್ಡ ಕ್ರಾಂತಿ

೧೭೮೯ರಲ್ಲಿ ಫ್ರಾನ್ಸಿನ ಜನರು ಅರಸನ ಅಧಿಕಾರದ ವಿರುದ್ಧವಾಗಿ ಎದ್ದರು. ರೈತನು ತೆರಿಗೆಯ ಭಾರದಿಂದ ಬಗ್ಗಿದ್ದನು. ದೊಡ್ಡ ಭೂಮಿಗಳಿದ್ದ ಧಣಿಗಳೂ ದೊಡ್ಡ ಪದವಿಯ ಪಾದ್ರಿಗಳೂ ಆ ತೆರಿಗೆಯಿಂದ ಬಹುಮಟ್ಟಿಗೆ ತಪ್ಪಿಸಿಕೊಂಡಿದ್ದರು. ಆದಕಾರಣ ಜನರ ಕೋಪವು ಅರಮನೆಯ ಮೇಲೆ ಬಿದ್ದಾಗ ಅದರ ಸಂಗಡ ದೇವಾಲಯದ ಮೇಲೆಯೂ ಬಿತ್ತು. ಅದೇ ವರುಷದ ನವೆಂಬರಿನಲ್ಲಿ ಸಭೆಯ ಆಸ್ತಿಯೆಲ್ಲವೂ ಸರಕಾರದ್ದೆಂದು ನಿರ್ಣಯವಾಯಿತು. ೧೭೯೦ರ ಜುಲೈ ತಿಂಗಳಲ್ಲಿ ಪಾದ್ರಿಗಳು ಸರಕಾರದ ಸಂಬಳದವರೆಂದೂ ಬಿಷಪರು ಜನರ ಮತದಿಂದ ಆರಿಸಲ್ಪಡಬೇಕೆಂದೂ ಕಾಯಿದೆಯಾಯಿತು. ಈ ಕಾಯಿದೆಗೆ ಆಣೆಯಿಟ್ಟವರು ಕೆಲಸದಲ್ಲಿ ಉಳಿಯುವರು. ಆಣೆಯಿಡದವರು ಕೆಲಸ ಬಿಡಬೇಕು. ಆಗ ದುಬ್ವಾ ಪಾದ್ರಿಯ ಸ್ವಂತ ಸೀಮೆಯ ಬಿಷಪನಾದ ಲಾಫೋಂ ದ ಸವೀನ್ ಎಂಬವನು ಆಣೆಯಿಟ್ಟನು. ಪದವಿಯಲ್ಲಿದ್ದ ಬಿಷಪರಲ್ಲಿ ಹಾಗೆ ಮಾಡಿದವರು ಬೆರಳಿನಿಂದ ಎಣಿಸುವಷ್ಟು ಮಂದಿ ಮಾತ್ರ. ಅವನು ಮುಂದೆ ೧೭೯೩ರಲ್ಲಿ ತನ್ನ ಪದವಿಯನ್ನೇ ತೊರೆದುಬಿಟ್ಟನು.

ಇಂಥಾ ಕಾಲದಲ್ಲಿ, ೧೭೯೨ರಲ್ಲಿ, ಇಪ್ಪತ್ತಾರು ವರುಷದ ದುಬ್ವಾ ಪಾದ್ರಿಯಾಗಿ ನೇಮಿಸಲ್ಪಟ್ಟನು. ಪಾರೀಸಿನ ವಿದೇಶ ಮಿಶನ್ ಸಂಘದವನಾಗಿ ಆತನು ಅದೇ ವರುಷದ ಜೂನ್ ತಿಂಗಳಲ್ಲಿ ಹಿಂದೂದೇಶಕ್ಕೆ ಹೊರಟನು. ಸೆಪ್ಟೆಂಬರ್ ತಿಂಗಳ ಮೊದಲಿನ ದಿವಸಗಳಲ್ಲಿ ಪಾರೀಸಿನ ಸೆರೆಮನೆಗಳಲ್ಲಿ ಇನ್ನೂರಕ್ಕಿಂತ ಹೆಚ್ಚು ಪಾದ್ರಿಗಳು ಕೊಲ್ಲಲ್ಪಟ್ಟರು. ತಾನು ಅಲ್ಲಿಯೇ ಉಳಿದಿದ್ದರೆ ತನ್ನ ಸ್ನೇಹಿತರ ಗತಿಯೇ ತನಗೂ ಆಗುತ್ತಿತ್ತೆಂದು ಆತನು ಮುಂದೆ ತಿಳಿಸಿದ್ದಾನೆ. ಹಡಗಿನ ಬಿಳಿಯ ಹಾಯಿ ಆತನನ್ನು ಕತ್ತಿಯಿಂದ ತಪ್ಪಿಸಿತು.

ಆತನು ಬಿಟ್ಟುಬಂದ ದೇಶದಲ್ಲಿ ಆಮೇಲೆ ನಡೆದ ಸಂಗತಿಗಳು ಇನ್ನೂ ವಿಚಿತ್ರವಾದವು. ೧೭೯೩ರಲ್ಲಿ ಅರಸನ ತಲೆಯನ್ನು ಕಡಿದರು. ವಾರಕ್ಕೆ ಏಳು ದಿನವೆಂಬದನ್ನು ತೆಗೆದುಹಾಕಿ, ಹತ್ತು ದಿನಕ್ಕೊಂದು ವಿಶ್ರಾಂತಿಯೆಂಬ ಹೊಸ ಪಂಚಾಂಗವನ್ನು ನಡಿಸಿದರು. ಹೀಗೆ ಭಾನುವಾರವೇ ಇಲ್ಲದಂತಾಯಿತು. ಪಾರೀಸಿನ ನೋತ್ರ್ ದಾಮ್ ಎಂಬ ಮಹಾದೇವಾಲಯವನ್ನು ಅದೇ ವರುಷದ ನವೆಂಬರ್ ೧೦ರಂದು ಬುದ್ಧಿಯೆಂಬ ದೇವಿಯ ಗುಡಿಯಾಗಿ ಮಾಡಿದರು. ಗಂಟೆಗಳನ್ನು ಇಳಿಸಿ ತೋಪುಗಳಿಗಾಗಿ ಕರಗಿಸಿದರು. ಸಾವಿರಾರು ಮಂದಿ ಪಾದ್ರಿಗಳು ತಮ್ಮ ಕೆಲಸವನ್ನು ಬಿಟ್ಟು ಕಾಗದ ಬರೆದುಕೊಟ್ಟರು. ಇದನ್ನು ಓದಿ ನಮ್ಮಲ್ಲಿ ಯಾರೂ ಹೆಚ್ಚಳಪಡಬಾರದು. ೧೭೮೭ರಲ್ಲಿ ತಾನೇ ಕಾಯಿದೆಯ ಆಶ್ರಯವನ್ನು ಹೊಂದಿದ್ದ ಪ್ರೊಟೆಸ್ಟಂಟ್ ಬೋಧಕರಲ್ಲಿಯೂ ಬಹುಮಂದಿ ಅದೇ ಪ್ರಕಾರ ಬರೆದುಕೊಟ್ಟರು. ನೂರು ವರುಷ ಗಲ್ಲಿಗೆ ಅಂಜದ ಸಭೆಯ ಬೋಧಕರು ಬಿಡುಗಡೆಯಾದ ಆರು ವರುಷಗಳೊಳಗೆ ಅಂಜಿದರೆಂಬದು ಆಲೋಚಿಸತಕ್ಕ ಮಾತು.

೩. ಶ್ರೀರಂಗಪಟ್ಟಣಕ್ಕೆ ಬಂದದ್ದು

ದುಬ್ವಾ ಪಾದ್ರಿಯು ಪಾಂಡಿಚೇರಿಯಲ್ಲಿ ಇಳಿದು, ಮೊದಲು ಕೆಲವು ವರುಷ ತಮಿಳು ಸೀಮೆಯಲ್ಲಿ ಕೆಲಸ ಮಾಡಿದನು. ಪರಂಗಿಗಳ ಉಡುಪಿನಲ್ಲಿಯೂ ನಡತೆಯಲ್ಲಿಯೂ ಇದ್ದವನು ಈ ದೇಶದ ಜನರ ಮನಸ್ಸನ್ನು ಸೇರಲಾರನೆಂದು ಆತನು ಬೇಗನೆ ಕಂಡನು. ಆದಕಾರಣ ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಬಿದಿರು ಕೋಲು ಹಿಡಿದು, ಗಡ್ಡ ಬಿಟ್ಟು, ಈ ದೇಶದವರು ಉಣ್ಣುವದನ್ನೇ ಉಂಡು, ಅವರ ಮಾತುಗಳನ್ನು ಕಲಿತು, ಮೂವತ್ತು ವರುಷ ಹಾಗೆಯೇ ನಡೆದುಕೊಂಡನು. ಸ್ವದೇಶದವರ ಸಂಗವನ್ನು ಆತನು ಹುಡುಕಿಕೊಂಡು ಹೋಗಲಿಲ್ಲ. ಥಾಮಸ್ ಹಿಕ್ಕಿಯೆಂಬ ಚಿತ್ರಕಾರನು ಬರೆದ ಆತನ ಪಟದಲ್ಲಿಯೂ ಇದೇ ವೇಷವಿದೆ. ನಮ್ಮ ಜನರು ಆತನನ್ನು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು.

೧೭೯೯ನೇ ಮೇ ತಿಂಗಳ ೪ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ಕೈವಶವಾಗಿ ಟಿಪ್ಪು ಸುಲ್ತಾನನು ಮಡಿದನು. ಆ ವರುಷವನ್ನು ನಮ್ಮ ಸೀಮೆಯೂ ಅರಿಯದೆ ಇಲ್ಲ. ಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘನು ದಂಡು ಕೂಡಿಸಿ ಬಿದನೂರು ಸೀಮೆಯನ್ನು ಸುಲಿದನು; ಆಗಸ್ಟ್ ತಿಂಗಳಲ್ಲಿ ಶಿಕಾರಿಪುರದ ಬಳಿ ಸೋತು ಉತ್ತರಕ್ಕೆ ಓಡಿದನು; ಮರುವರುಷದ ಸೆಪ್ಟೆಂಬರಿನಲ್ಲಿ ಸತ್ತನು. ನಮ್ಮ ಊರುಗಳಲ್ಲಿ ಕುದುರೆ ದಂಡಿನ ಧೂಳು ಇನ್ನೂ ಅಡಗದಿರುವಾಗಲೇ ದುಬ್ವಾ ಪಾದ್ರಿಯು ಮೈಸೂರು ಸೀಮೆಗೆ ಬಂದನು.

ಆತನಿಗೆ ಬಂದ ಕೆಲಸ ಸುಲಭವಾದದ್ದಲ್ಲ. ೧೭೮೪ರಲ್ಲಿ ಟಿಪ್ಪು ಸುಲ್ತಾನನು, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಸಂದೇಹದಿಂದ, ಕನ್ನಡ ಕರಾವಳಿಯ ಸಹಸ್ರಾರು ಕಥೋಲಿಕ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನು. ದಾರಿಯಲ್ಲಿ ಸತ್ತವರು ಬಹುಮಂದಿ. ಉಳಿದವರಲ್ಲಿ ಅನೇಕರು ಬಲಾತ್ಕಾರದಿಂದ ಮತವನ್ನು ಬದಲಿಸಿಕೊಂಡಿದ್ದರು. ಪಟ್ಟಣವು ಬಿದ್ದ ಬಳಿಕ ಕೆಲವರು ಕರಾವಳಿಗೆ ಹಿಂತಿರುಗಿದರು. ಉಳಿದವರು ಕುರುಬನಿಲ್ಲದ ಹಿಂಡಿನಂತಿದ್ದರು. ಇವರಿಗಿಂತ ಹಿಂದೆ ಈ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಜೆಸುಯಿತ ಪಾದ್ರಿಗಳ ಸಂಘವನ್ನು ಯೂರೋಪಿನ ಕಥೋಲಿಕ ಅರಸರ ಒತ್ತಾಯದಿಂದ ಪೋಪನೇ ೧೭೭೩ರಲ್ಲಿ ಮುಚ್ಚಿದ್ದನು. ಹೀಗೆ ಪೋಷಿಸಿದ ಅರಸರ ಕೈಯೇ ಬಿತ್ತಿದವರನ್ನು ಹೊಲದಿಂದ ಹೊರಗೆ ಹಾಕಿತ್ತು.

ದುಬ್ವಾ ಪಾದ್ರಿಯು ಚೆದರಿದವರನ್ನು ಕೂಡಿಸಿದನು. ಹಿಂದಿರುಗಿ ಬರಬೇಕೆಂದವರನ್ನು ಮತ್ತೆ ಸಭೆಯಲ್ಲಿ ಸೇರಿಸಿದನು. ಪಟ್ಟಣದ ಹತ್ತಿರ ಗಂಜಾಮಿನಲ್ಲಿ ೧೮೦೦ರಲ್ಲಿ ಕಟ್ಟಿದ ಆಲಯವು ಈಗಲೂ ಆತನ ಹೆಸರಿನಿಂದ ಕರೆಯಲ್ಪಡುತ್ತದೆ. ಆದರೆ ಆತನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಅಷ್ಟು ಸಾವಿರ ಕ್ರೈಸ್ತರಲ್ಲಿ ನಂಬಿಕೆಗಾಗಿ ಪ್ರಾಣಕೊಟ್ಟವರು ಕಾಣಲಿಲ್ಲವೆಂದು ಆತನು ಬಹುಕಾಲದ ಮೇಲೆಯೂ ಕಹಿಯಾಗಿ ಬರೆದನು. ತನ್ನ ಸ್ವಂತ ಸೀಮೆಯ ಬಿಷಪನು ಯಾವ ಸುಲ್ತಾನನ ಕತ್ತಿಯೂ ಇಲ್ಲದೆ ಪದವಿಯನ್ನು ತೊರೆದದ್ದನ್ನು ಅದರ ಪಕ್ಕದಲ್ಲಿಟ್ಟು ತೂಗಿದ್ದರೆ ಆ ಬರಹದ ಕಹಿ ಕಡಿಮೆಯಾಗುತ್ತಿತ್ತೋ ಏನೋ.

೪. ನೇಗಿಲು ಮತ್ತು ಸೂಜಿ

ಬಡತನವು ನಂಬಿಕೆಯನ್ನು ಹೇಗೆ ತಿನ್ನುವದೆಂಬದನ್ನು ಆತನು ಕಂಡು, ಭೂಮಿಯಿಲ್ಲದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆಗಳನ್ನು ಏರ್ಪಡಿಸಿದನು. ಅವುಗಳಲ್ಲಿ ಹಾಸನದ ಸೀಮೆಯ ಸಾತಳ್ಳಿಯು ಮುಖ್ಯವಾದದ್ದು. ಉಳುವವನಿಗೆ ನೆಲ, ನೆಲದ ನಡುವೆ ಆಲಯ, ಆಲಯದ ಸುತ್ತಲೂ ಮನೆಗಳು ಎಂಬದು ಆತನ ಕ್ರಮ. ಎರಡು ನೂರು ವರುಷಗಳು ಕಳೆದರೂ ಸಾತಳ್ಳಿಯಲ್ಲಿ ಕ್ರೈಸ್ತ ಸಭೆಯು ಇನ್ನೂ ಇದೆ.

ಆತನ ಮತ್ತೊಂದು ಉಪಕಾರವು ಮತಭೇದವಿಲ್ಲದೆ ಎಲ್ಲರಿಗೂ ಸೇರಿದ್ದು. ಆ ಕಾಲದಲ್ಲಿ ಸಿಡುಬು ಬಂದರೆ ಊರಿಗೆ ಊರೇ ಬರಿದಾಗುತ್ತಿತ್ತು. ಉಳಿದವರಲ್ಲಿ ಎಷ್ಟೋ ಮಂದಿಯ ಕಣ್ಣು ಹೋಗುತ್ತಿತ್ತು. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು ಆಕಳ ಸಿಡುಬಿನ ಕೀವನ್ನು ಮನುಷ್ಯನ ತೋಳಿಗೆ ತಾಕಿಸಿದರೆ ದೊಡ್ಡ ಸಿಡುಬು ತಟ್ಟುವದಿಲ್ಲವೆಂದು ೧೭೯೬ರಲ್ಲಿ ಪರೀಕ್ಷಿಸಿ, ೧೭೯೮ರಲ್ಲಿ ಪ್ರಕಟಿಸಿದ್ದನು. ೧೮೦೨ರ ಜೂನಿನಲ್ಲಿ ಆ ಮದ್ದು ಮುಂಬಯಿಗೆ ತಲಪಿತು. ನಮ್ಮ ಹಿರಿಯರು ಇದನ್ನೇ ದೇವಿ ಹಾಕಿಸುವದೆಂದು ಕರೆಯುತ್ತಿದ್ದರು. ಮೊದಮೊದಲು ಜನರು ಇದಕ್ಕೆ ಬಹಳವಾಗಿ ಹೆದರಿದರು. ಅಮ್ಮನು ಮುನಿಯುವಳೆಂದು ಕೆಲವರು, ಜಾತಿ ಕೆಡುವದೆಂದು ಕೆಲವರು ಮಕ್ಕಳನ್ನು ಅಡಗಿಸಿದರು. ಕುಂಪಣಿಯ ಸಿಪಾಯಿಯು ಬಂದರೆ ಮುಚ್ಚುವ ಬಾಗಿಲು ರುಮಾಲು ಸುತ್ತಿದ ಸ್ವಾಮಿಗೆ ತೆರೆಯಿತು. ೧೮೦೩-೦೪ರಲ್ಲಿ ಆತನ ಮೇಲ್ವಿಚಾರಣೆಯಿಂದ ೨೫,೪೩೨ ಮಂದಿಗೆ ದೇವಿ ಹಾಕಿ ಲೆಕ್ಕದಲ್ಲಿ ಬರೆಯಲಾಯಿತು. ಈ ಸೇವೆಯನ್ನು ಕುಂಪಣಿಯ ಸರಕಾರವು ನೆನಪಿಟ್ಟು ಮುಂದೆ ಆತನಿಗೆ ವಿಶ್ರಾಂತಿ ವೇತನವನ್ನು ಕೊಟ್ಟಿತು.

೫. ಪುಸ್ತಕ

ಹಳ್ಳಿಗಳಲ್ಲಿ ಸಂಚರಿಸುವಾಗ ಆತನು ಜಾತಿಗಳು, ಮದುವೆ, ಮರಣ, ವ್ರತ, ಮಡಿ ಮೊದಲಾದ ಆಚಾರಗಳನ್ನು ಬರೆದಿಟ್ಟುಕೊಂಡನು. ಮೈಸೂರಿನ ರೆಸಿಡೆಂಟನಾದ ವಿಲ್ಕ್ಸ್ ದೊರೆಯು ಈ ಬರಹವನ್ನು ಮದ್ರಾಸಿನ ಸರಕಾರಕ್ಕೆ ಶಿಫಾರಸು ಮಾಡಿದನು. ಗವರ್ನರನಾದ ಬೆಂಟಿಂಕ್ ದೊರೆಯು ೧೮೦೭ರಲ್ಲಿ ಅದನ್ನು ಕುಂಪಣಿಗಾಗಿ ೨,೦೦೦ ವರಹಗಳಿಗೆ ಕೊಂಡನು. ೧೮೧೬ರಲ್ಲಿ ಅದರ ಇಂಗ್ಲಿಷ್ ಭಾಷಾಂತರವು ಲಂಡನ್ನಿನಲ್ಲಿ ಅಚ್ಚಾಯಿತು. ಗ್ರಂಥಕರ್ತನು ತಿದ್ದಿದ ಫ್ರೆಂಚ್ ಪುಸ್ತಕವು ೧೮೨೫ರಲ್ಲಿ ಪಾರೀಸಿನಲ್ಲಿ ಹೊರಬಂದಿತು. ನೂರು ವರುಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಅಧಿಕಾರಿಗಳು ನಮ್ಮ ದೇಶವನ್ನು ತಿಳಿಯುವದಕ್ಕೆ ಇದನ್ನೇ ಓದಿದರು. ಅದರಲ್ಲಿ ನಮ್ಮ ಜನರ ವಿಷಯವಾಗಿ ಹೇಳಿದ ಎಷ್ಟೋ ಮಾತುಗಳು ಕಠಿಣವಾದವುಗಳು.

ಇಲ್ಲಿ ಸತ್ಯವನ್ನು ಮರೆಮಾಡಬಾರದು. ಈ ಪುಸ್ತಕದ ಬಹುಭಾಗವು ಆತನ ಸ್ವಂತದ್ದಲ್ಲ. ಕೂರ್ದೂ ಎಂಬ ಜೆಸುಯಿತ ಪಾದ್ರಿಯು ೧೭೭೦ರ ದಶಕದಲ್ಲಿ ಬರೆದಿಟ್ಟ ಹಸ್ತಪ್ರತಿಯಿಂದ ಅದು ತೆಗೆದದ್ದೆಂದು ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿಯು ೧೯೮೭ರಲ್ಲಿ ಸ್ಥಾಪಿಸಿದಳು. ದುಬ್ವಾ ಪಾದ್ರಿಯು ಆ ಹಿರಿಯನ ಹೆಸರನ್ನು ಹೇಳಲಿಲ್ಲ. ಸಿಡುಬಿನಿಂದ ಸಾವಿರಾರು ಮಕ್ಕಳನ್ನು ಉಳಿಸಿದ ಕೈಯೇ ಮತ್ತೊಬ್ಬನ ದುಡಿಮೆಯನ್ನು ತನ್ನದೆಂದು ಮಾರಿತು. ಮನುಷ್ಯನ ಹೃದಯವು ಇಂಥಾದ್ದು. ಒಳ್ಳೆಯದನ್ನು ಕೆಟ್ಟದ್ದು ಅಳಿಸುವದಿಲ್ಲ. ಕೆಟ್ಟದ್ದನ್ನು ಒಳ್ಳೆಯದು ಮುಚ್ಚುವದೂ ಇಲ್ಲ.

೬. ನಿರಾಶೆಯ ತೀರ್ಪು

ಮೂವತ್ತೊಂದು ವರುಷಗಳ ಬಳಿಕ, ೧೮೨೩ರ ಜನವರಿಯಲ್ಲಿ, ದುಬ್ವಾ ಪಾದ್ರಿಯು ಮದ್ರಾಸಿನಲ್ಲಿ ಹಡಗು ಹತ್ತಿ ಸ್ವದೇಶಕ್ಕೆ ಹೊರಟುಹೋದನು. ಅದೇ ವರುಷದಲ್ಲಿ ಹಿಂದೂದೇಶದ ಕ್ರೈಸ್ತಸಭೆಯ ಸ್ಥಿತಿಯನ್ನು ಕುರಿತು ಆತನ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ಅವುಗಳ ಸಾರಾಂಶವು ಇದು: ಈ ದೇಶದ ಜನರು ಮನಸ್ಸು ತಿರುಗಿ ಕ್ರೈಸ್ತರಾಗುವ ನಿರೀಕ್ಷೆಯಿಲ್ಲ. ಸತ್ಯವೇದವನ್ನು ದೇಶಭಾಷೆಗಳಲ್ಲಿ ಅಚ್ಚುಹಾಕಿಸಿ ಹಂಚುವದರಿಂದ ಪ್ರಯೋಜನವಿಲ್ಲ. ಇಪ್ಪತ್ತೈದು ವರುಷಗಳಲ್ಲಿ ತಾನೂ ಈ ದೇಶದ ಒಬ್ಬ ಸಹಾಯಕನೂ ಕೂಡಿ ದೀಕ್ಷಾಸ್ನಾನ ಮಾಡಿಸಿದವರು ಗಂಡಸರು ಹೆಂಗಸರು ಸೇರಿ ಇನ್ನೂರರಿಂದ ಮುನ್ನೂರರೊಳಗೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಊರ ಹೊರಗಿನ ಕೇರಿಯವರೂ ಭಿಕ್ಷುಕರೂ. ಉಳಿದವರೋ ದಿಕ್ಕಿಲ್ಲದವರು, ಜಾತಿಯಿಂದ ಹೊರಬಿದ್ದವರು, ಮದುವೆಗಾಗಿಯೋ ಹೊಟ್ಟೆಗಾಗಿಯೋ ಬಂದವರು.

ಪ್ರಿಯ ವಾಚಕರೇ, ಈ ಮಾತು ನಮ್ಮ ಅಜ್ಜ ಅಜ್ಜಿಯರ ಮೇಲೆಯೇ ಬೀಳುತ್ತದೆಂದು ನಿಮಗೆ ತೋರದೆ ಇರದು. ಇಂದಿಗೂ ಸಂತೆಯಲ್ಲಿಯೂ ಕಟ್ಟೆಯ ಮೇಲೆಯೂ ಇದೇ ಮಾತನ್ನು ಬೇರೆ ಬಾಯಿಗಳಿಂದ ನಾವು ಕೇಳುವದುಂಟು. ಆದರೆ ಇದನ್ನು ಬರೆದಿಟ್ಟವನು ಕ್ರೈಸ್ತ ಪಾದ್ರಿಯೇ.

ಅದಕ್ಕೆ ಆ ಕಾಲದಲ್ಲಿಯೇ ಉತ್ತರ ಹುಟ್ಟಿತು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರೊಟೆಸ್ಟಂಟ್ ಬೋಧಕರು ೧೮೨೪ರಲ್ಲಿ ಪುಸ್ತಕಗಳ ಮೂಲಕ ಪ್ರತ್ಯುತ್ತರ ಕೊಟ್ಟರು. ಆತನು ವ್ಯರ್ಥವೆಂದ ಕೆಲಸವು ನಿಲ್ಲಲಿಲ್ಲ. ಬಳ್ಳಾರಿಯ ಹ್ಯಾಂಡ್ಸ್ ಬೋಧಕನ ಪ್ರಯಾಸದಿಂದ ೧೮೩೧ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ೧೮೩೪ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಇಳಿದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಬೋಧಕರು ಹಳ್ಳಿಹಳ್ಳಿಗೆ ನಡೆದರು.

ಆದರೂ ದುಬ್ವಾ ಪಾದ್ರಿಯ ಮಾತನ್ನು ವೈರಿಯ ಮಾತೆಂದು ಎಸೆದುಬಿಡುವದು ಬುದ್ಧಿವಂತಿಕೆಯಲ್ಲ. ಆತನು ಸುಳ್ಳು ಹೇಳಬೇಕೆಂದು ಬರೆದವನಲ್ಲ, ದಣಿದವನಾಗಿ ಬರೆದನು. ರೊಟ್ಟಿಗಾಗಿ ಬರುವವರು ಉಂಟೆಂಬದು ಸುವಾರ್ತೆಯಲ್ಲಿಯೇ ಇದೆ. ಗುಡ್ಡದ ಮೇಲೆ ಐದು ಸಾವಿರ ಮಂದಿ ಉಂಡರು. ಮರುದಿನ ಕಠಿಣವಾದ ಉಪದೇಶ ಕೇಳಿದಾಗ ಬಹುಮಂದಿ ಹಿಂದಿರುಗಿದರು, ಕೆಲವರು ಉಳಿದರು. ಕರ್ತನು ಉಂಡವರನ್ನು ಹೀಯಾಳಿಸಲಿಲ್ಲ, ಉಣಿಸುವದನ್ನೂ ನಿಲ್ಲಿಸಲಿಲ್ಲ. ಹಸಿದು ಬಂದದ್ದು ಪಾಪವಲ್ಲ. ಹೊಟ್ಟೆ ತುಂಬಿದ ಮೇಲೆ ಏನು ಮಾಡಿದೆವೆಂಬದೇ ಪ್ರಶ್ನೆ.

೭. ಸ್ವದೇಶದಲ್ಲಿ ಕಂಡದ್ದು

ದುಬ್ವಾ ಪಾದ್ರಿಯು ಪಾರೀಸಿಗೆ ತಲಪಿದಾಗ ಅಲ್ಲಿ ಮತ್ತೆ ಅರಸನಿದ್ದನು. ನೆಪೋಲಿಯನನು ೧೮೦೧ರಲ್ಲಿ ಪೋಪನ ಸಂಗಡ ಒಡಂಬಡಿಕೆ ಮಾಡಿ ದೇವಾಲಯಗಳಿಗೆ ಪುನಃ ನೆಲೆ ಕೊಟ್ಟಿದ್ದನು. ಮರುವರುಷ ಪ್ರೊಟೆಸ್ಟಂಟ್ ಸಭೆಗಳಿಗೂ ಕಾಯಿದೆಯಿಂದ ಸ್ಥಾನ ದೊರೆತಿತ್ತು. ಹಿಂದಿರುಗಿ ಬಂದ ಅರಸರು ಸಿಂಹಾಸನವನ್ನೂ ಬಲಿಪೀಠವನ್ನೂ ಮತ್ತೆ ಒಂದೇ ಕಂಬಕ್ಕೆ ಕಟ್ಟಬೇಕೆಂದು ೧೮೨೫ರಲ್ಲಿ ದೇವಾಲಯದ ಪವಿತ್ರ ವಸ್ತುಗಳನ್ನು ಅಪವಿತ್ರಪಡಿಸಿದವರಿಗೆ ಮರಣದಂಡನೆಯ ವರೆಗೂ ಕಾಯಿದೆ ಮಾಡಿದರು. ಐದೇ ವರುಷಗಳಲ್ಲಿ, ೧೮೩೦ರಲ್ಲಿ, ಜನರು ಆ ಅರಸನನ್ನು ಓಡಿಸಿದರು. ೧೮೩೧ರ ಫೆಬ್ರವರಿಯಲ್ಲಿ ಪಾರೀಸಿನ ಆರ್ಚ್‌ಬಿಷಪನ ಅರಮನೆಯನ್ನು ಸೂರೆಮಾಡಿದರು. ಕಂಬ ಬಿದ್ದಾಗ ಅದಕ್ಕೆ ಕಟ್ಟಿದ್ದೂ ಬಿತ್ತು.

ಇದೆಲ್ಲವನ್ನು ಮುದುಕನಾದ ದುಬ್ವಾ ಪಾದ್ರಿಯು ಕಣ್ಣಾರೆ ಕಂಡನು. ಆತನು ತನ್ನ ಸಂಘದ ಪಾಠಶಾಲೆಯಲ್ಲಿ ಎಳೆಯ ಪಾದ್ರಿಗಳನ್ನು ಪೂರ್ವದೇಶಗಳಿಗಾಗಿ ಸಿದ್ಧಪಡಿಸುತ್ತಿದ್ದನು. ೧೮೩೬ರಿಂದ ೧೮೩೯ರ ವರೆಗೆ ಅದರ ಮುಖ್ಯಸ್ಥನಾಗಿದ್ದನು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಿರುಗಿಸಿ ೧೮೨೬ರಲ್ಲಿ ಪ್ರಕಟಿಸಿದನು. ನಿರೀಕ್ಷೆಯಿಲ್ಲವೆಂದು ಬರೆದವನೇ ಇಪ್ಪತ್ತು ವರುಷಕ್ಕೂ ಹೆಚ್ಚು ಕಾಲ ಇತರರನ್ನು ಅದೇ ಕೆಲಸಕ್ಕೆ ಕಳುಹಿಸುತ್ತಾ ಬಂದನೆಂಬದನ್ನು ಗಮನಿಸಬೇಕು. ಬಾಯಿ ಬಿಟ್ಟದ್ದನ್ನು ಕೈ ಬಿಟ್ಟಿರಲಿಲ್ಲ. ೧೮೪೮ನೇ ಫೆಬ್ರವರಿ ೧೭ರಂದು, ಎಂಭತ್ತೆರಡು ವರುಷ ಪ್ರಾಯದಲ್ಲಿ ಆತನು ತೀರಿಹೋದನು. ಒಂದು ವಾರದೊಳಗೆ ಪಾರೀಸಿನಲ್ಲಿ ಮತ್ತೊಂದು ಕ್ರಾಂತಿ ಎದ್ದು, ಮತ್ತೊಬ್ಬ ಅರಸನು ಓಡಿದನು.

ಆತನು ಸತ್ತ ಮೇಲೆ ಆ ದೇಶದಲ್ಲಿ ನಡೆದದ್ದು ಕತ್ತಿಯ ಕೆಲಸವಲ್ಲ, ಕಾಗದದ ಕೆಲಸ. ಹುಟ್ಟು, ಮದುವೆ, ಮರಣಗಳ ಪುಸ್ತಕವು ೧೭೯೨ರಲ್ಲಿಯೇ ಪಾದ್ರಿಯ ಕೈಯಿಂದ ಊರ ಕಚೇರಿಗೆ ಹೋಗಿತ್ತು. ೧೮೮೦ರ ದಶಕದಲ್ಲಿ ಸರಕಾರಿ ಶಾಲೆಗಳಿಂದ ಮತಬೋಧೆಯನ್ನು ತೆಗೆದರು. ೧೯೦೫ನೇ ಡಿಸೆಂಬರ್ ೯ರ ಕಾಯಿದೆಯಿಂದ ಸರಕಾರವು ಯಾವ ಸಭೆಗೂ ಸಂಬಳ ಕೊಡದೆ ಎಲ್ಲಾ ಮತಗಳಿಂದಲೂ ಬೇರೆಯಾಯಿತು. ರೈತನ ಮಕ್ಕಳು ಹಳ್ಳಿ ಬಿಟ್ಟು ಕಾರ್ಖಾನೆಗಳ ಪಟ್ಟಣಕ್ಕೆ ಹೋದರು. ಆಗ ಹೆಸರು ಬರೆಸುವದಕ್ಕೂ ಪಾಠ ಕಲಿಯುವದಕ್ಕೂ ನೆರೆಯವರ ಬಾಯಿಗೆ ಅಂಜಿಯೂ ದೇವಾಲಯಕ್ಕೆ ಬರುತ್ತಿದ್ದವರು ಬರುವದನ್ನು ನಿಲ್ಲಿಸಿದರು. ಯಾರೂ ಅವರನ್ನು ತಡೆಯಲಿಲ್ಲ. ಅವರಿಗೆ ಬೇಕೆಂದು ತೋರಲಿಲ್ಲ, ಅಷ್ಟೇ. ೨೦೧೯-೨೦ರಲ್ಲಿ ಆ ದೇಶದ ಸರಕಾರಿ ಲೆಕ್ಕದವರು ಹದಿನೆಂಟರಿಂದ ಐವತ್ತೊಂಭತ್ತು ವರುಷದವರನ್ನು ವಿಚಾರ ಮಾಡಿದಾಗ, ನೂರಕ್ಕೆ ೫೧ ಮಂದಿ ತಮಗೆ ಯಾವ ಮತವೂ ಇಲ್ಲವೆಂದರು. ತಾವು ಕಥೋಲಿಕರೆಂದವರು ನೂರಕ್ಕೆ ೨೯ ಮಂದಿ. ಈಗ ಫ್ರಾನ್ಸಿನ ಹಳ್ಳಿಗಳಲ್ಲಿ ಪಾದ್ರಿಗಳು ಸಾಲದೆ, ಆಫ್ರಿಕದಿಂದಲೂ ಭಾರತದಿಂದಲೂ ಹೋದ ಪಾದ್ರಿಗಳು ಅಲ್ಲಿ ಆರಾಧನೆ ನಡಿಸುತ್ತಾರೆ. ಬೆಳೆಯದ ನೆಲವೆಂದು ದುಬ್ವಾ ಪಾದ್ರಿಯು ಬಿಟ್ಟುಹೋದ ದೇಶದಿಂದ ಆತನ ತವರಿಗೆ ಬೀಜ ಹೋಗುತ್ತಿದೆ.

೮. ನಮಗೆ ಇದರಿಂದ ಏನು?

ಸರಕಾರವು ಮತದಿಂದ ಬೇರೆಯಾದದ್ದೇ ಕೆಡುಕೆಂದು ನಾವು ಹೇಳಲಾರೆವು. ಅದೇ ಬದಲಾವಣೆಯಿಂದ ಯುಗೆನೋ ಜನರ ಮದುವೆಗಳು ಕಾಯಿದೆಯ ಮದುವೆಗಳಾದವು, ಅವರ ಮಕ್ಕಳು ಮಕ್ಕಳೆಂದು ಎಣಿಸಲ್ಪಟ್ಟರು. ನಮ್ಮ ದೇಶದಲ್ಲಿಯೂ ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಪ್ರತಿಯೊಬ್ಬನಿಗೂ ತನ್ನ ಮನಸ್ಸಾಕ್ಷಿಯಂತೆ ನಡೆಯುವ ಸ್ವಾತಂತ್ರ್ಯವನ್ನು ಕೊಟ್ಟಿದೆ; ನಮ್ಮಂಥಾ ಅಲ್ಪಸಂಖ್ಯೆಯವರಿಗೆ ಅದು ದೊಡ್ಡ ಆಸರೆ. ಸ್ವಾತಂತ್ರ್ಯವು ನಂಬಿಕೆಯನ್ನು ಕೊಲ್ಲುವದಿಲ್ಲ. ನಂಬಿಕೆ ಮೊದಲೇ ಎಲ್ಲಿರಲಿಲ್ಲವೋ ಅದನ್ನು ತೋರಿಸಿಕೊಡುತ್ತದೆ. ಮಳೆಗಾಲದಲ್ಲಿ ಎಲ್ಲಾ ಹಳ್ಳಗಳೂ ತುಂಬಿ ಹರಿಯುತ್ತವೆ. ಊಟೆಯಿದ್ದ ಹಳ್ಳ ಯಾವದೆಂಬದು ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ಆದಕಾರಣ ನಮ್ಮನ್ನು ನಾವೇ ಕೇಳಿಕೊಳ್ಳೋಣ. ನಮ್ಮಲ್ಲಿ ಎಷ್ಟು ಮಂದಿ ಮಕ್ಕಳ ದೀಕ್ಷಾಸ್ನಾನಕ್ಕೂ ಮದುವೆಗೂ ಮಣ್ಣಿಗೂ ಮಾತ್ರ ಆಲಯವನ್ನು ನೆನಸುತ್ತೇವೆ? ಶಾಲೆಯ ಕಾಗದಕ್ಕೆ ಬೋಧಕರ ರುಜು ಬೇಕಾದಾಗ ಮಾತ್ರ ಅವರ ಮನೆಯ ದಾರಿ ಹಿಡಿಯುವವರು ಎಷ್ಟು ಮಂದಿ? ಸೊರಬದಿಂದಲೂ ಶಿಕಾರಿಪುರದಿಂದಲೂ ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಮಕ್ಕಳಿಗೆ ಅಲ್ಲಿ ಭಾನುವಾರವು ಬಟ್ಟೆ ಒಗೆಯುವ ದಿನವಾಗಿದೆಯೆಂದು ಕೇಳಿದಾಗ, ಪಟ್ಟಣವನ್ನು ದೂರುತ್ತೇವೆ. ಆ ಮಕ್ಕಳು ಹಳ್ಳಿಯಲ್ಲಿದ್ದಾಗ ನಮ್ಮ ಮನೆಯ ದೀಪದ ಮುಂದೆ ಏನನ್ನು ಕಂಡಿದ್ದರು? ಅಜ್ಜನು ಅಕ್ಷರ ಬಾರದವನಾದರೂ ಸಂಜೆಯಲ್ಲಿ ಮಂಡಿಯೂರುತ್ತಿದ್ದನು. ಮೊಮ್ಮಗನಿಗೆ ಅಕ್ಷರ ಬಂತು, ಮಂಡಿಯೂರುವದನ್ನು ಕಲಿಸಿದವರು ಇಲ್ಲ.

ಫ್ರಾನ್ಸಿನ ಭಯದ ವರುಷಗಳಲ್ಲಿ ಗಂಟೆಗಳಿಲ್ಲದಾಗ, ಪಾದ್ರಿಗಳಿಲ್ಲದಾಗ, ಭಾನುವಾರವೇ ಇಲ್ಲದಾಗ ನಂಬಿಕೆಯನ್ನು ಕಾಪಾಡಿದವರು ಯಾರು? ಬಹುಮಟ್ಟಿಗೆ ಹಳ್ಳಿಯ ಹೆಂಗಸರು. ಕೊಟ್ಟಿಗೆಯಲ್ಲಿ ಪಾದ್ರಿಯನ್ನು ಅಡಗಿಸಿದವರೂ, ಒಲೆಯ ಮುಂದೆ ಮಕ್ಕಳಿಗೆ ಪ್ರಾರ್ಥನೆಯನ್ನು ಬಾಯಿಪಾಠ ಹೇಳಿಕೊಟ್ಟವರೂ ಅವರೇ. ಅದಕ್ಕಿಂತ ಹಿಂದಿನ ನೂರು ವರುಷ ಯುಗೆನೋ ಜನರು ಬೆಟ್ಟಗಳ ಮರೆಯಲ್ಲಿ ರಾತ್ರಿ ಕೂಡಿದ್ದೂ, ಮರೀ ದ್ಯುರಾಂ ಎಂಬಾಕೆಯು ಬುರುಜಿನಲ್ಲಿ ಜೊತೆಯ ಸೆರೆಯವರಿಗೆ ಧೈರ್ಯ ಹೇಳಿದ್ದೂ ಇದೇ ರೀತಿ. ಎರಡು ಸಭೆಗಳಲ್ಲಿಯೂ ಉಳಿದದ್ದು ಮನೆಯಲ್ಲಿ ಬೇರೂರಿದ್ದೇ.

ದುಬ್ವಾ ಪಾದ್ರಿಯು ನಮ್ಮ ಹಿರಿಯರನ್ನು ಎಣಿಸಿ, ಅವರ ಬಡತನವನ್ನು ನೋಡಿ, ಇವರಿಂದ ಏನೂ ಆಗದೆಂದು ತೀರ್ಮಾನಿಸಿದನು.  ಆ ಲೆಕ್ಕವು ತಪ್ಪಿತು. ಬಿತ್ತುವವನ ಸಾಮ್ಯದಲ್ಲಿ ಬೀಜ ಎಷ್ಟು ಬಿತ್ತೆಂಬದನ್ನು ಕರ್ತನು ಹೇಳಲಿಲ್ಲ, ನೆಲ ಯಾವದೆಂಬದನ್ನು ಹೇಳಿದನು. ಮುಂಗಾರಿಗೆ ಮೊದಲು ಹೊಲದ ಕಲ್ಲನ್ನೂ ಮುಳ್ಳನ್ನೂ ತೆಗೆಯುವದನ್ನು ಬಲ್ಲ ರೈತರು ನಾವು. ಆ ಕಠಿಣವಾದ ತೀರ್ಪಿಗೆ ಪುಸ್ತಕದಿಂದ ಉತ್ತರ ಕೊಟ್ಟವರು ಕೊಟ್ಟಾಯಿತು. ಉಳಿದ ಉತ್ತರವು ನಮ್ಮ ಮನೆಗಳಲ್ಲಿ, ಈ ಸಂಜೆಯ ದೀಪ ಹಚ್ಚಿದ ಮೇಲೆ, ನಮ್ಮ ಮಕ್ಕಳ ಮುಂದೆ ಕೊಡತಕ್ಕದ್ದು.